ಎಂಟನೇ ಹುಟ್ಟುಗೋಲಿನ ಹಗ್ಗ

ಇದು ನಮ್ಮ ಪಕ್ಕದ ಮನೆಯ ಇಸೊಕಿಚಿಯವರಿಗೆ ಆದದ್ದು. ಹಗಲಲ್ಲಿ ಕೇಳಿದರೆ ಅವರು ಬಾಯಿ ಬಿಡುವುದಿಲ್ಲ.

ದೋಣಿ ಹಬ್ಬದ ಹಿಂದಿನ ರಾತ್ರಿ. ಎಂಟು ಜನ ಹುಟ್ಟು ಹಾಕಿ, ದೇವರನ್ನು ನೀರಿನ ನಡುವಿನ ಬಂಡೆ ಸುತ್ತಿಸಿ ತರುವ ಹಬ್ಬ ಅದು. ಗುಡಿಯಲ್ಲಿ ಮಾತುಕತೆ ಮುಗಿಸಿ ಒಬ್ಬರೇ ಮನೆಗೆ ಹೊರಟಿದ್ದರು. ಹನ್ನೊಂದು ದಾಟಿತ್ತು. ಹಳೇ ಬಾವಿಯವರೆಗೂ ಒಂದು ಕಿಟಕಿಯಲ್ಲೂ ಬೆಳಕಿಲ್ಲ... ಅರ್ಧ ಮನೆಗಳಲ್ಲಿ ಜನವೇ ಇಲ್ಲ. ಪೂಜಾರಿಯ ಮಾತು ಇನ್ನೂ ಕಿವಿಯಲ್ಲೇ ಇತ್ತು.

"ಉಮೆಹಿಕೊ ತೀರಿಕೊಂಡು ಆರು ತಿಂಗಳಾಯ್ತು. ಐವತ್ತನೇ ದಿನಕ್ಕೇ ತೆಗೀಬೇಕಿದ್ದ ಹೆಸರಿನ ಹಲಗೆ ದೋಣಿಮನೆ ಗೋಡೇಲಿ ಹುಟ್ಟು ಹಾಕೋರ ಸಾಲಲ್ಲಿ ಇನ್ನೂ ನೇತಾಡ್ತಿದೆ. ಬೆಳಿಗ್ಗೆ ತೆಗೀರಿ, ಇಸೊಕಿಚಿಯವರೇ."

"ತೆಗೆದ್ರೆ ನಾವು ಏಳೇ ಜನ."

"ಏಳು ಜನ ಹುಟ್ಟು ಹಾಕಿದ್ರೆ ದೇವರ ದೋಣಿ ಗಿರಗಿಟ್ಲೆ ಆಡುತ್ತೆ. ಈ ವರ್ಷದಿಂದ ದೇವರು ವ್ಯಾನಲ್ಲೇ ಹೋಗ್ಲಿ ಬಿಡಿ. ಎಸಿ ಬೇರೆ ಇದೆ."

ಎಲ್ಲರೂ ನಕ್ಕರು. ಇಸೊಕಿಚಿಯವರೂ ನಕ್ಕರು. ಮೂವತ್ತೆಂಟು ಹಬ್ಬ ಉಮೆಹಿಕೊನ ಬೆನ್ನು ನೋಡುತ್ತಲೇ ಹುಟ್ಟು ಹಾಕಿದವರು. ಮದುವೆಯಿಲ್ಲ, ಮನೆಯಲ್ಲಿ ಮಾತಾಡಿಸುವವರಿಲ್ಲ. ದೋಣಿ ನಿಂತುಹೋದರೆ ಆ ಬೆನ್ನ ಹಿಂದಿನ ಜಾಗವೂ ಹೋಯಿತು.

ಬಾವಿ ದಾಟುವಾಗ ಕೇಳಿಸಿತು.

ಕಿರ್ರ್... ಕಟ್. ಕಿರ್ರ್... ಕಟ್.

ಹುಟ್ಟುಗೋಲು ದೋಣಿಯ ಅಂಚಿಗೆ ಉಜ್ಜುವ ಸದ್ದು. ದೋಣಿಮನೆಯೊಳಗಿಂದ. ಬೀಗ ಹಾಕಿತ್ತು. ಕೀಲಿ ಇದ್ದದ್ದು ಅವರ ಜೇಬಿನಲ್ಲೇ.

ಬಾಗಿಲಿಗೆ ಕಿವಿಯಿಟ್ಟರು. ಸದ್ದು ನಿಂತಿತು.

"ಇಸೊ..."

"...ಯಾರು?"

"ಯಾರು ಅಂತೀಯಲ್ಲೋ, ಮಂಕೆ. ನನ್ನ ಹಗ್ಗ ಯಾಕೆ ಕಟ್ಟಿಲ್ಲ?"

ಸಂಜೆಯಷ್ಟೇ ಏಳು ಹುಟ್ಟುಗೋಲುಗಳನ್ನು ಹೊಸ ಹುಲ್ಲುಹಗ್ಗದಿಂದ ಅಂಚಿಗೆ ಕಟ್ಟಿದ್ದರು ಇಸೊಕಿಚಿಯವರು. ಎಂಟನೆಯದನ್ನು ಹಾಗೇ ಬಿಟ್ಟಿದ್ದರು.

"ನೀನು... ಸತ್ತಿದೀಯಲ್ಲೋ."

"ಹಲಗೆ ತೆಗೆದ್ಯಾ?"

"...ಇಲ್ಲ."

"ಮತ್ತೆ?"

ಬೀಗ ತೆಗೆದರು. ಒಳಗೆ ಯಾರೂ ಇಲ್ಲ. ಎಂಟನೆಯದಕ್ಕೂ ಹೊಸ ಹಗ್ಗ ಬಿಗಿದು, ಮನೆಗೆ ಹೋದರು. ನಿದ್ದೆ ಬರಲಿಲ್ಲ.

ಬೆಳಿಗ್ಗೆ ಪೂಜಾರಿಯ ಮುಂದೆ ನಿಂತು ಹೇಳಿದರಂತೆ: "ಹಲಗೆ ತೆಗೆಯೋಲ್ಲ. ಬಂಡೆ ಸುತ್ತಿ ಬರೋಣ. ದೋಣಿ ತಿರುಗಿತೋ, ಮುಂದಿನ ವರ್ಷ ವ್ಯಾನು ನಾನೇ ಓಡಿಸ್ತೀನಿ."

ಎಡಕ್ಕೆ ನಾಲ್ವರು, ಬಲಕ್ಕೆ ಮೂವರು. ಎಂಟನೇ ಹುಟ್ಟುಗೋಲನ್ನು ಒಳಗೆಳೆದು ಸುಮ್ಮನೆ ಮಲಗಿಸಿದ್ದರು. ದೋಣಿ ಬಲಕ್ಕೆ ಎಳೆಯಲೇಬೇಕು.

ಎಳೆಯಲಿಲ್ಲ. ನೂಲು ಹಿಡಿದ ಹಾಗೆ ನೇರ ಹೋಯಿತು, ನೇರ ಬಂತು. ದಡದಲ್ಲಿ ನಾನೂ ಇದ್ದೆ, ಕಣ್ಣಾರೆ ಕಂಡೆ. ಇಸೊಕಿಚಿಯವರು ಮಾತ್ರ ಹೋಗಿ ಬರುವವರೆಗೂ ತಲೆ ಎತ್ತಲಿಲ್ಲ. ಎದುರಿನ ಖಾಲಿ ಜಾಗದಲ್ಲಿ ಅವರಿಗೆ ಕೇಳಿಸುತ್ತಲೇ ಇತ್ತಂತೆ... ಕಿರ್ರ್... ಕಟ್.

ಸಂಜೆ ಹಗ್ಗ ಬಿಚ್ಚಿದರು. ಏಳು ಹಗ್ಗಗಳು ಮರ ಉಜ್ಜುವ ಕಡೆ ಸವೆದು ಸಿಬಿರೆದ್ದಿದ್ದವು.

ಎಂಟನೆಯದೂ. ಅದೇ ಜಾಗದಲ್ಲಿ, ಅಷ್ಟೇ ಸವೆದಿತ್ತು.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ಬೆರಳಿಟ್ಟು ನೋಡಿದ್ದೇನೆ. ಆ ಹಗ್ಗ ಈಗಲೂ ಇಸೊಕಿಚಿಯವರ ಮನೆಯಲ್ಲಿ, ಚಪ್ಪಲಿ ಬಿಡುವ ಜಾಗದ ಮೊಳೆಯಲ್ಲಿ ತೂಗುತ್ತಿದೆ.