ಕೂದಲೆಳೆಯಷ್ಟು ಬಿರುಕು

ರಿಪೇರಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಒಬ್ಬ ತಾತ, ಮೊಮ್ಮಗಳು ನಿಂತಿದ್ದರು. ತಾತನ ಕಿವಿಯ ಮೆಷಿನ್ ಕೆಟ್ಟಿತ್ತು. ಅವಳು ಕೂಗಿ ಮಾತಾಡುತ್ತಿದ್ದುದರಿಂದ ಎಲ್ಲರಿಗೂ ಕೇಳಿಸುತ್ತಿತ್ತು.

“ತಾತ, ಈ ಫೋಟೊ ನೋಡು. ನಿನ್ನ ಮೆಷಿನ್ ಒಳಗಿಂದು.”

“ಸಾಸಿವೆಯಷ್ಟು ಇರೋದನ್ನ ಇಷ್ಟು ದೊಡ್ಡದು ಮಾಡಿದ್ದೀಯಲ್ಲೇ.”

“ಇಂಥವುಗಳ ಫೋಟೊ ತೆಗೆಯೋ ಹುಚ್ಚು ನನಗೆ, ಗೊತ್ತಲ್ಲ. ಚೆನ್ನಾಗಿ ಕಾಣುತ್ತೆ ಅಂತ ತೆಗೆದೆ. ನೋಡಿದ್ರೆ, ಇಲ್ಲಿ ಬೆಸುಗೆ ಬಿಟ್ಟಿದೆ.”

“ಹೌದಲ್ಲೇ, ಕೂದಲೆಳೆಯಷ್ಟು ಬಿರುಕು.”

“ಅವತ್ತು ಈ ಅಂಗಡಿಯವರು ರಿಪೇರಿ ಆಗಲ್ಲ, ಬಿಸಾಕಿ ಅಂದ್ರಲ್ಲ, ಇವತ್ತು ಅವರಿಗೆ ಇದನ್ನೇ ತೋರಿಸ್ತೀನಿ.”

“ಎದೆ ಢವಢವ ಅಂತಿದೆ ಕಣೇ.”

“ನನಗೂ. ಸರಿಹೋದ್ರೆ ಮೊದಲು ಏನು ಕೇಳಿಸ್ಕೋಬೇಕು ನಿನಗೆ?”

“ನೀನು ಮೆಲ್ಲಗೆ ಮಾತಾಡೋದನ್ನ.”

ಒಳಗಿನಿಂದ ರಿಪೇರಿಯವನು ಕರೆದ. ತಾತನಿಗೆ ಕೇಳಿಸಲಿಲ್ಲ. ಅವಳು ಅವರ ತೋಳು ಹಿಡಿದು ಮುಂದೆ ನಡೆದಳು.