ಅಯಸ್ಕಾಂತ ಕಚ್ಚಿದ ತಗಡು

ವಿಚಾರಣೆ ಕೋಣೆಯ ಹೊರಗೆ ನಾನು ನೀರಿನ ಫಿಲ್ಟರ್ ರಿಪೇರಿ ಮಾಡುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ರಾಕೆಟ್ ಕಾರ್ಖಾನೆಯ ವೆಲ್ಡರ್ ಕೂತಿದ್ದ. ಅವನ ಜೊತೆಗಿದ್ದವನು ಅವನ ಅಕ್ಕನ ಗಂಡ, ಅದೇ ಕಾರ್ಖಾನೆಯ ಖರೀದಿ ಅಧಿಕಾರಿ. ಮೊದಲು ಮಾತಾಡಿದವನು ಅಧಿಕಾರಿ.

“ಇಂಧನದ ಟ್ಯಾಂಕು ಒಡೆದಿದ್ದು ವೆಲ್ಡಿಂಗ್ ಬಿಟ್ಟುಕೊಂಡು ಅಂತ ಹೇಳಿಬಿಡು. ಅಲ್ಲಿಗೆ ಮುಗೀತು.”

“ನನ್ನ ವೆಲ್ಡಿಂಗ್ ಗಟ್ಟಿಯಾಗೇ ಇದೆ ಭಾವ. ಸೀಳಿರೋದು ಪಕ್ಕದ ತಗಡು.”

“ನೀರು ತುಂಬಿ ಟೆಸ್ಟ್ ಮಾಡಿದಾಗ ಏನೂ ಆಗಲಿಲ್ಲವಲ್ಲ?”

“ನೀರು ಬೇರೆ, ಸೊನ್ನೆಗಿಂತ ನೂರಾರು ಡಿಗ್ರಿ ಕೆಳಗಿರೋ ರಾಕೆಟ್ ಇಂಧನದ ಚಳಿ ಬೇರೆ. ಆ ಚಳಿಗೆ ಅಗ್ಗದ ಸ್ಟೀಲು ಗಾಜಿನ ಥರ ಒಡೆಯುತ್ತೆ.”

“ಅಗ್ಗದ್ದು ಹುಡುಕು ಅಂತ ಮೇಲಿನೋರು ನನ್ನ ಪ್ರಾಣ ತಿಂದ್ರು. ಅದಿರಲಿ, ಬೇರೆ ಸ್ಟೀಲು ಅಂತ ನಿನಗೆ ಯಾವಾಗ ಗೊತ್ತಾಯ್ತು?”

“ತಗಡು ಬಂದ ದಿನಾನೇ. ಜೇಬಲ್ಲಿದ್ದ ಅಯಸ್ಕಾಂತ ಹಿಡಿದೆ, ಕಚ್ಚಿಕೊಳ್ತು. ನಾವು ಬಳಸೋ ಒಳ್ಳೇ ಸ್ಟೀಲಿಗೆ ಅದು ಕಚ್ಚಲ್ಲ.”

“ಮತ್ತೆ ಆವತ್ತೇ ಯಾಕೆ ಬಾಯಿ ಬಿಡಲಿಲ್ಲ?”

“ತರಿಸಿದ್ದು ನೀವು. ಅಕ್ಕನ ಸಂಸಾರ ನೆನಪಾಯ್ತು.”

“ಈಗಲೂ ನೆನಪಿರಲಿ.”

“ಟ್ಯಾಂಕು ಒಡೆದಾಗ ವಾಲ್ವ್ ಹತ್ತಿರ ನಿಂತಿದ್ದು ಸತ್ತೋನಿಗೂ ಸಂಸಾರ ಇತ್ತು, ಭಾವ.”

ಬಾಗಿಲು ತೆರೆಯಿತು. ವೆಲ್ಡರ್‌ನನ್ನು ಒಳಗೆ ಕರೆದರು.

“ಆ ಅಯಸ್ಕಾಂತ ಇಲ್ಲಿ ಕೊಟ್ಟು ಹೋಗು,” ಎಂದು ಅಧಿಕಾರಿ ಕೈ ಚಾಚಿದ. ವೆಲ್ಡರ್ ಅದನ್ನು ಜೇಬಿನಿಂದ ತೆಗೆದು ಅವನ ಅಂಗೈಯಲ್ಲಿಟ್ಟ.

“ಒಳಗೆ ಏನು ಹೇಳ್ತೀಯೋ?”

“ನೀವು ಹೇಳಿಕೊಟ್ಟಿದ್ದನ್ನೇ ಹೇಳ್ತೀನಿ. ನಿಜಾನ ಮಾತ್ರ ಅಕ್ಕನಿಗೆ ಹೇಳಿ ಬಂದಿದ್ದೀನಿ,” ಎಂದವನೇ ಅವನು ಒಳಗೆ ಹೋದ.