ಮೂಲಂಗಪ್ಪನ ಆರೋಗ್ಯ ಪಾಠ

ದಂತವೈದ್ಯರ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಓಡಾಡುವ ಚಪ್ಪಲಿ ಹಾಕಿಕೊಂಡು ಸರದಿಗೆ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿ ಪುರಸಭೆ ಗುಮಾಸ್ತರ ಹೆಂಡತಿ ಕಿನುಯೊ-ಸಾನ್. ಮೀನಂಗಡಿಯ ಶಿಗೆನೊ-ಸಾನ್ ಆಕೆಯನ್ನು ಮಾತಿಗೆ ಹಿಡಿದುಕೊಂಡಿದ್ದರು.

"ಹೈಸ್ಕೂಲ್ ಮಕ್ಕಳಿಗೆ ಬಸಿರು, ಹೆರಿಗೆ ಅಂತೆಲ್ಲ ಪಾಠ ಹೇಳೋಕೆ ನರ್ಸಮ್ಮ ಬರ್ತಿದ್ರಲ್ಲ, ಈ ವರ್ಷ ಬರಲ್ವಂತೆ?"

"ಹೂಂ ಕಣ್ರೀ. ಬಜೆಟ್ಟಲ್ಲಿ ಹೊಡೆದುಹಾಕಿದ್ರು. ನಮ್ಮೂರ ಪ್ರಚಾರದ ಮೂಲಂಗಿ ಗೊಂಬೆ ಮೂಲಂಗಪ್ಪನ ಹೊಸ ವೇಷಕ್ಕೆ ಮಾತ್ರ ಸದಸ್ಯರೆಲ್ಲ ಒಪ್ಪಿಗೆ ಅಂತ ಕೈ ಎತ್ತಿದ್ರು."

"ಹಾಗಾದ್ರೆ ಪಾಠ?"

"ಮೂಲಂಗಪ್ಪನೇ ಮಾಡ್ತಾನೆ."

"ಅಯ್ಯೋ, ಅವನು ಮಾತಾಡೋ ಹಾಗೇ ಇಲ್ವಲ್ಲ! ಒಳಗೆ ಮನುಷ್ಯ ಇರೋದು ಮಕ್ಕಳಿಗೆ ಗೊತ್ತಾಗಬಾರದು ಅಂತ ಪುರಸಭೆಯವರದೇ ನಿಯಮ."

"ಕೈಸನ್ನೆ ಮಾಡ್ತಾನಂತೆ."

"ಹೆರಿಗೇನಾ?"

"ಕೈ ಗಿಡ್ಡ. ಆದಷ್ಟು ಮಾಡ್ತಾನೆ."

ನನಗೆ ಹಲ್ಲುನೋವು ಮರೆತೇಹೋಯಿತು.

"ಒಳಗೆ ಹೋಗೋ ಪುಣ್ಯಾತ್ಮ ಯಾರೋ!"

"ನಮ್ಮನೆಯವರು."

"ಮಗಳು 'ನಾನು ಎಲ್ಲಿಂದ ಬಂದೆ' ಅಂತ ಕೇಳಿದಾಗ, ಕಸ ಹಾಕಿ ಬರ್ತೀನಿ ಅಂತ ಓಡಿಹೋದ್ರಲ್ಲ, ಅವರಾ? ಅವತ್ತು ಕಸದ ಗಾಡಿ ಬರೋ ದಿನಾನೂ ಅಲ್ಲ!"

ಅಷ್ಟರಲ್ಲಿ ಒಳಗಿನಿಂದ ಕಿನುಯೊ-ಸಾನ್ ಹೆಸರು ಕೂಗಿದರು. ಆಕೆ ಚೀಲ ಎತ್ತಿಕೊಂಡು ಎದ್ದರು.

"ಅವರೇ. ಬಾಯಿ ಬಿಡೋ ಹಾಗಿಲ್ಲ ಅಂದಮೇಲೇ ಕಣ್ರೀ ಒಪ್ಪಿಕೊಂಡಿದ್ದು."